ಸೈನಿಕನು ಗತಿಸಿದ ಮೇಲೆ ಅವನ ಅಪೀಲು

ಯುದ್ಧದಲ್ಲಿ ಅಂಗವನ್ನೋ ಆರೋಗ್ಯವನ್ನೋ ಕಳೆದುಕೊಂಡ ಸೈನಿಕನಿಗೆ ಪ್ರಭುತ್ವವು ಋಣಿಯಾಗಿರುವುದಷ್ಟೆ. ಆ ಋಣವೆಷ್ಟೆಂದು ತೀರ್ಮಾನವಾಗುವುದಕ್ಕೆ ಮೊದಲೇ ಸೈನಿಕನು ಕಾಲವಶನಾದರೆ ಗತಿಯೇನು? ಇದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನದ ಕಾನೂನು ಕೊಡುವ ಉತ್ತರವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ. ಗೃಹಸ್ಥರೆಲ್ಲರೂ ಮನಗಾಣತಕ್ಕ ಅಂಶವೊಂದು ಅದರಲ್ಲಿ ಅಡಗಿದೆ.

ವಿಯೆಟ್ನಾಂ ಯುದ್ಧದಲ್ಲಿ ಏಜೆಂಟ್ ಆರೆಂಜ್ ಎಂಬ ಸಸ್ಯನಾಶಕ ವಿಷವನ್ನು ಸಿಂಪಡಿಸಿದ ಪ್ರದೇಶದಲ್ಲಿದ್ದ ಸೈನಿಕನೊಬ್ಬನು ವೃದ್ಧಾಪ್ಯದಲ್ಲಿ ಹೃದ್ರೋಗಿಯಾದನೆಂದು ಭಾವಿಸೋಣ. ಪರಿಹಾರಧನಕ್ಕೆ ಅರ್ಜಿಯಿಟ್ಟನು. ಕಚೇರಿಯವರು ರೋಗದ ತೀವ್ರತೆಯನ್ನು ಕಡಮೆಯೆಣಿಸಿ ಅಲ್ಪಮೊತ್ತವನ್ನು ಗೊತ್ತುಮಾಡಿದರು. ಅಪೀಲು ಮಾಡಿದನು, ತೀರ್ಪು ಬರುವ ಮೊದಲೇ ಪ್ರಾಣ ಬಿಟ್ಟನು. 2008ಕ್ಕೆ ಹಿಂದೆ ಆ ಅಪೀಲು ಅವನೊಡನೆಯೇ ಅಳಿಯುತ್ತಿತ್ತು. ವಿಧವೆಯು ಬಾಕಿ ಹಣಕ್ಕಾಗಿ ತನ್ನ ಹೆಸರಿನಲ್ಲಿ ಮೊದಲಿನಿಂದ ಅರ್ಜಿ ಸಲ್ಲಿಸಬೇಕಾಗಿತ್ತು. ಗಂಡನು ಸತ್ತ ದಿನ ದಫ್ತರಿನಲ್ಲಿದ್ದ ಕಾಗದಗಳ ಮೇಲೆಯೇ ಅದು ಇತ್ಯರ್ಥವಾಗುತ್ತಿತ್ತು. ವೈದ್ಯನ ಪತ್ರವೊಂದು ಕಡಮೆಯಿದ್ದರೆ ಆಮೇಲೆ ತಂದು ಸೇರಿಸುವಂತಿರಲಿಲ್ಲ.

2008ನೆಯ ಇಸವಿ ಅಕ್ಟೋಬರ್ 10ರಂದು ಹೊಸ ಶಾಸನವು ಜಾರಿಗೆ ಬಂದಿತು. ಅಂದಿನಿಂದೀಚೆಗೆ ಮೃತರಾದವರ ಸ್ಥಾನದಲ್ಲಿ ಅರ್ಹರಾದ ಬಂಧುಗಳು ನಿಂತು, ಅಪೀಲನ್ನು ನಿಂತಲ್ಲಿಂದಲೇ ಮುಂದುವರಿಸಬಹುದು. ವೈದ್ಯರ ಅಭಿಪ್ರಾಯ, ಜತೆಗಾರ ಸೈನಿಕರ ಹೇಳಿಕೆ ಮೊದಲಾದ ಹೊಸ ರುಜುವಾತುಗಳನ್ನೂ ಒಪ್ಪಿಸಬಹುದು. ಆದರೆ ಮೃತನು ಎತ್ತದಿದ್ದ ಹೊಸ ಬೇಡಿಕೆಯನ್ನು ಸೇರಿಸಲಾಗದು. ಮುಖ್ಯವಾದ ನಿಬಂಧನೆಯೊಂದುಂಟು: ಸ್ಥಾನದಲ್ಲಿ ನಿಲ್ಲುವ ಕೋರಿಕೆಯು ಮರಣದಿಂದ 1 ವರ್ಷದೊಳಗೆ ಕಚೇರಿಗೆ ಮುಟ್ಟಬೇಕು.

ಅರ್ಹರು ಯಾರು? ಮೊದಲು ಪತಿ ಅಥವಾ ಪತ್ನಿ, ಬಳಿಕ ಮಕ್ಕಳು, ಬಳಿಕ ಮೃತನನ್ನೇ ಅವಲಂಬಿಸಿದ್ದ ತಾಯಿತಂದೆಗಳು. ಮಕ್ಕಳಾದರೋ ಅವಿವಾಹಿತರಾಗಿದ್ದು 18 ವರ್ಷಕ್ಕೆ ಕೆಳಗಿನವರು, ವ್ಯಾಸಂಗದಲ್ಲಿದ್ದರೆ 23 ವರ್ಷದವರೆಗಿನವರು, ಇಲ್ಲವೆ 18 ತುಂಬುವ ಮೊದಲೇ ದುಡಿಯಲಾರದಷ್ಟು ಅಶಕ್ತರಾದವರು ಆಗಿರಬೇಕು. ಪ್ರಾಯಕ್ಕೆ ಬಂದ ಮಗನು ತಂದೆಯ ಕಡೆಗಾಲದ ಶುಶ್ರೂಷೆಗೂ ಉತ್ತರಕ್ರಿಯೆಗೂ ಕೈಯಿಂದ ವೆಚ್ಚಮಾಡಿದ್ದರೆ ಅಷ್ಟರಮಟ್ಟಿಗೆ ಮಾತ್ರ ಕೇಳಬಹುದು. ಮರಣಶಾಸನ ಬರೆದಿಟ್ಟರೂ ಈ ಕ್ರಮವು ಬದಲಾಗದು. ತಂದೆಯ ಋಣವನ್ನು ತೀರಿಸುವ ಮಗನೇ ಅವನ ಧನಕ್ಕೂ ಭಾಗಿಯೆಂಬ ನಮ್ಮ ಧರ್ಮಶಾಸ್ತ್ರದಲ್ಲಿ ಬೆಳೆದವರಿಗೆ ಇದು ವಿಚಿತ್ರವಾಗಿ ತೋರಬಹುದು. ಆದರೆ ಆ ಹಣವನ್ನು ಅಲ್ಲಿ ಪಿತ್ರಾರ್ಜಿತವೆಂದು ಎಣಿಸಿಲ್ಲ. ಆಶ್ರಿತರ ಅನ್ನವೆಂದು ಎಣಿಸಿದ್ದಾರೆ.

ಇನ್ನೊಂದು ಮಾತು. ಸೇವೆಯಿಂದ ಬಂದ ರೋಗವೇ ಮರಣಕ್ಕೆ ಕಾರಣವಾಗಿದ್ದರೆ, ವಿಧವೆಗೆ ತನ್ನದೇ ಆದ ಮಾಸಿಕ ವೇತನದ ಹಕ್ಕು ಬೇರೆಯಾಗಿಯೇ ಉಂಟು. ಅದನ್ನೂ ವರ್ಷದೊಳಗೆ ಬೇಡಿದರೆ ಮರಣದ ತಿಂಗಳಿನಿಂದಲೇ ಲೆಕ್ಕಹಾಕಿ ಕೊಡುತ್ತಾರೆ. ತಡಮಾಡಿದರೆ ಹಿಂದಿನ ತಿಂಗಳುಗಳು ಹೋದಂತೆಯೇ. ಗಂಡನಿಗೆ ಬರಬೇಕಾದ ಬಾಕಿಯೇ ಒಂದು, ಹೆಂಡತಿಯ ಸ್ವಂತ ಹಕ್ಕೇ ಇನ್ನೊಂದು. ಇವೆರಡನ್ನೂ ಒಂದೆಂದು ತಿಳಿಯಬಾರದು.

ಸಾವಿನ ಮನೆಯಲ್ಲಿ ಕಾಗದಪತ್ರ ಹುಡುಕುವ ಮನಸ್ಸು ಯಾರಿಗಿದ್ದೀತು? ಆದರೂ ಶೋಕವು ಆರುವುದನ್ನು ಗಡುವು ಕಾಯುವುದಿಲ್ಲ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಮೊದಲನೆಯ ಆಬ್ದಿಕ ಬರುವುದರೊಳಗೆ ಆ ಕೋರಿಕೆ ಹೋಗಿರಬೇಕು. ಯಾವ ದೇಶದವನಾಗಲಿ, ಅರ್ಜಿಯಿಟ್ಟ ಗೃಹಸ್ಥನು ತಾನು ಇರುವಾಗಲೇ ಹೆಂಡತಿಯನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು, ಅದರ ನಂಬರು ಯಾವುದು, ನಕಲುಗಳು ಯಾವ ಪೆಟ್ಟಿಗೆಯಲ್ಲಿವೆ, ಮುಂದಿನ ವಾಯಿದೆ ಯಾವಾಗ ಎಂಬುದನ್ನು ತಿಳಿಸಿಡುವುದು ಲೇಸು.