ಮನೆಯೊಳಗೆ ಸಿಗ್ನಲ್ ಇಲ್ಲವೇ? ವೈಫೈ ಕಾಲಿಂಗ್ ಆನ್ ಮಾಡ್ರಿ

ಬಳ್ಳಾರಿ ಗಾಂಧಿನಗರದ ನಮ್ಮ ಮನೆಯಲ್ಲಿ ಒಳಕೋಣೆಗೆ ಹೋದರೆ ಸಿಗ್ನಲ್ ಮಾಯ. ಹೋದ ವರ್ಷ ಒಂದು ರಾತ್ರಿ, ಕುರುಗೋಡಿನ ನಮ್ಮ ಪಕ್ಕದ ಹೊಲದ ತಾತ "ಕಾಲುವೆ ನೀರು ಬಂದಾವ, ಬಾರಪ್ಪಾ" ಅಂತ ಹೇಳೋಕೆ ನಾಲ್ಕು ಸಲ ಫೋನ್ ಮಾಡಿದ್ದರಂತೆ. ಒಂದೂ ಬರಲಿಲ್ಲ. ಬೆಳಿಗ್ಗೆ ಹೋಗೋಷ್ಟರಲ್ಲಿ ನಮ್ಮ ಸರದಿ ಮುಗಿದಿತ್ತು. ಮೆಣಸಿನಗಿಡ ಬಾಡಿ ನಿಂತಿದ್ದವು.

ವಾಟ್ಸ್‌ಆ್ಯಪ್ ಕಾಲ್ ಐತಲ್ಲ ಅಂತೀರಿ. ತಾತನದು ಕೀಪ್ಯಾಡ್ ಫೋನು! ಕಿಸಾನ್ ಕಾಲ್ ಸೆಂಟರ್‌ನ 1800-180-1551ಕ್ಕೂ ಮಾಮೂಲಿ ಕಾಲೇ ಬೇಕು. ಅದಕ್ಕೇ ಹೇಳೋದು, ಮನೆಗೆ ವೈಫೈ ಹಾಕಿಸಿದವರು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಅಥವಾ ಮೊಬೈಲ್ ನೆಟ್‌ವರ್ಕ್ ಒಳಗೆ 'ವೈಫೈ ಕಾಲಿಂಗ್' ಹುಡುಕಿ ಆನ್ ಮಾಡ್ರಿ. ನಂಬರ್ ಅದೇ, ಬೇರೆ ಆ್ಯಪ್ ಬೇಡ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ಶುರು ಮಾಡಿದವು, ಪ್ರತ್ಯೇಕ ಚಾರ್ಜ್ ಇಲ್ಲದೆ. ತೋಟಗಾರಿಕೆ ಪದವಿ ಓದಿದ ನನಗೇ ಇದು ಗೊತ್ತಿರಲಿಲ್ಲ, ನಾಚಿಕೆ.

ಪೂರ್ತಿ ಫ್ರೀ ಅನ್ನೋದು ಮಾತ್ರ ಸುಳ್ಳು. ಸಿಮ್ ರೀಚಾರ್ಜ್, ಬ್ರಾಡ್‌ಬ್ಯಾಂಡ್ ಬಿಲ್ ಎರಡೂ ಕಟ್ಟಲೇಬೇಕು. ಕರೆಂಟ್ ಹೋದರೆ ರೂಟರ್ ಬಂದ್; ಅದಕ್ಕೊಂದು ಸಣ್ಣ ಯುಪಿಎಸ್ ಇಟ್ಟಿದ್ದೇನೆ. ಈ ಸಲ ತಾತನ ಫೋನು ಒಳಕೋಣೆಯಲ್ಲೇ ಬಂತು, ರಾತ್ರಿ ಎರಡಕ್ಕೆ.