ಲೈಸೆನ್ಸ್ ಮೊದಲು ಮಾಡಿಸಿ, ಕಾರು ಆಮೇಲೆ ನೋಡೋಣ

ಕಳೆದ ಶುಕ್ರವಾರ ಸಂಜೆ ನಮ್ಮ ಬಿಲ್ಡಿಂಗಿನ ಕೆಳಗೆ ಚಹಾ ಕುಡಿಯುತ್ತಾ ನಿಂತಿದ್ದಾಗ ಪುತ್ತೂರು ಕಡೆಯ ಒಬ್ಬರು ಒಂದು ಪ್ರಶ್ನೆ ಕೇಳಿದರು. ಇಲ್ಲಿ ಕಂಪನಿಯೊಂದರಲ್ಲಿ ಡ್ರೈವರ್ ಆಗಿ 18 ವರ್ಷ ದುಡಿದಿದ್ದಾರೆ. ವಯಸ್ಸು ಐವತ್ತು ದಾಟಿದೆ. ಈ ವರ್ಷದ ಕೊನೆಗೆ ಊರಿಗೆ ಹೋಗಿಬಿಡುವ ಯೋಚನೆ.

"ಗ್ರಾಚ್ಯುಟಿ ಸಿಕ್ಕಿದ ಕೂಡಲೇ ಒಂದು ಕಾರು ತೆಗೊಂಡು ಟ್ಯಾಕ್ಸಿಗೆ ಬಿಡುವ ಅಂತ ಉಂಟು ಮಾರಾಯ್ರೇ. ನೀವು ಲೆಕ್ಕ ಗೊತ್ತಿರುವವರು, ಆಗಬಹುದಾ ಹೇಳಿ."

ಇದೇ ಪ್ರಶ್ನೆಯನ್ನು ಈ ಬ್ಲಾಗಿನ ಓದುಗರು ಬೇರೆ ರೂಪದಲ್ಲಿ ಕೇಳುತ್ತಲೇ ಇರುತ್ತೀರಿ. ನೀವು ಡ್ರೈವರ್ ಅಲ್ಲದಿರಬಹುದು, ದುಬೈನಲ್ಲೋ ಡಬ್ಲಿನ್‌ನಲ್ಲೋ ಒಳ್ಳೆಯ ಕೆಲಸದಲ್ಲಿರಬಹುದು. ಆದರೆ ಊರಿನಲ್ಲಿ ಒಬ್ಬ ತಮ್ಮ, ಒಬ್ಬ ಭಾವಮೈದುನ, ಚಿಕ್ಕಪ್ಪನ ಮಗ ಇದ್ದೇ ಇರುತ್ತಾನೆ. "ಒಂದು ಕಾರು ಕೊಡ್ಸು, ಯೆಲ್ಲೋ ಬೋರ್ಡ್ ಹಾಕಿ ಓಡಿಸ್ತೀನಿ, ತಿಂಗಳಾ ತಿಂಗಳಾ ದುಡ್ಡು ಕೊಡ್ತೀನಿ" ಎಂಬ ಫೋನ್ ನನಗೂ ಎರಡು ಸಲ ಬಂದಿದೆ. ಹಾಗಾಗಿ ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು ಇಲ್ಲಿನ ವಿಷಯ. ಅಲ್ ಅಮೇರಾತ್‌ನಲ್ಲಿ ಇರುವವರಿಗೆ ಬೌಷರ್ ಕಡೆಯಿಂದ ಗುಡ್ಡ ಹತ್ತಿ ಇಳಿದು ಬರುವ ರಸ್ತೆ ಗೊತ್ತು. ಆ ಇಳಿಜಾರಿನಲ್ಲಿ ದಿನಕ್ಕೆರಡು ಸಲ ವ್ಯಾನ್ ಓಡಿಸುವ ಮನುಷ್ಯನಿಗೆ ಡ್ರೈವಿಂಗ್ ಬರುತ್ತದೋ ಇಲ್ಲವೋ ಎಂದು ಕೇಳುವ ಅಗತ್ಯವೇ ಇಲ್ಲ. ಆದರೂ ಅವರು ಒಮಾನಿನಲ್ಲಿ ಒಂದೇ ಒಂದು ದಿನ ಟ್ಯಾಕ್ಸಿ ಓಡಿಸಿಲ್ಲ, ಓಡಿಸುವ ಹಾಗೂ ಇಲ್ಲ. ಕಿತ್ತಳೆ ಬಿಳಿ ಬಣ್ಣದ ಟ್ಯಾಕ್ಸಿಯ ಸ್ಟೀರಿಂಗ್ ಹಿಡಿಯುವುದು ಒಮಾನಿ ಪ್ರಜೆಗಳಿಗೆ ಮಾತ್ರ ಮೀಸಲು. ಮೊವಾಸಲಾತ್ ಟ್ಯಾಕ್ಸಿ ಆಗಲಿ, ಓಟ್ಯಾಕ್ಸಿ ಆಪ್‌ನಲ್ಲಿ ಬರುವ ಗಾಡಿ ಆಗಲಿ, ಒಳಗೆ ಕೂತಿರುವವರು ಒಮಾನಿಗಳೇ. ನಾವು ನಮ್ಮ ಖಾಸಗಿ ಕಾರಿನಲ್ಲಿ ದುಡ್ಡು ತೆಗೆದುಕೊಂಡು ನಾಲ್ಕು ಜನರನ್ನು ಕೂರಿಸಿಕೊಂಡು ಹೋದರೆ, ಗಲ್ಫ್ ಭಾಷೆಯಲ್ಲಿ 'ಕಾರ್ ಲಿಫ್ಟ್', ಅದು ಕಾನೂನು ಪ್ರಕಾರ ತಪ್ಪು. ಸಿಕ್ಕಿಬಿದ್ದರೆ ದಂಡ ಕಟ್ಟಿ ಮುಗಿಯುವುದಿಲ್ಲ, ಕೆಲಸಕ್ಕೇ ಸಂಚಕಾರ ಬರಬಹುದು. ದಯವಿಟ್ಟು ಮಾಡಬೇಡಿ.

ಇದರ ಬಗ್ಗೆ ನನಗೆ ದೂರೇನಿಲ್ಲ. ಒಂದು ದೇಶ ತನ್ನ ಜನರಿಗೆ ಒಂದು ಕಸುಬನ್ನು ಕಾದಿಟ್ಟಿದೆ, ಅಷ್ಟೆ. ಆದರೆ ಹಣಕಾಸಿನ ಕಣ್ಣಿನಿಂದ ನೋಡಿದರೆ ಇದರಲ್ಲಿ ಒಂದು ಪಾಠ ಇದೆ. ಟ್ಯಾಕ್ಸಿ ಲೈಸೆನ್ಸಿಗೆ ಬೆಲೆ ಬರುವುದು ಡ್ರೈವಿಂಗ್ ಕೌಶಲದಿಂದಲ್ಲ. ಸುತ್ತಲೂ ಬೇಲಿ ಇದ್ದರೆ ಅದಕ್ಕೆ ಬೆಲೆ. ಬೇಲಿ ಹೊರಗೆ ಎಷ್ಟು ಜನ ನಿಂತಿದ್ದಾರೆ ಎಂಬುದರ ಮೇಲೆ ಬೇಲಿ ಒಳಗಿರುವವನ ಆದಾಯ ನಿಂತಿದೆ.

ಈ ಬೇಲಿಯ ದೊಡ್ಡ ಕಥೆ ನ್ಯೂಯಾರ್ಕಿನದು. ಅಲ್ಲಿ 1937ರ ಕಾನೂನಿನಿಂದ ಹಳದಿ ಟ್ಯಾಕ್ಸಿಗಳ ಸಂಖ್ಯೆಗೆ ಮಿತಿ ಬಂತು. ಪ್ರತಿ ಟ್ಯಾಕ್ಸಿಗೂ ಒಂದು 'ಮೆಡಾಲಿಯನ್', ಅಂದರೆ ಬಾನೆಟ್ಟಿಗೆ ಹೊಡೆದ ಒಂದು ತಗಡಿನ ಬಿಲ್ಲೆ. ಶುರುವಿನಲ್ಲಿ ಅದರ ಶುಲ್ಕ 10 ಡಾಲರ್. 2014ರ ಹೊತ್ತಿಗೆ ಒಂದೊಂದು ಬಿಲ್ಲೆ 10 ಲಕ್ಷ ಡಾಲರ್ ದಾಟಿತ್ತು. ವಲಸೆ ಬಂದ ಡ್ರೈವರುಗಳು, ಅದರಲ್ಲಿ ನಮ್ಮ ಉಪಖಂಡದವರೂ ಬಹಳ, ಮನೆ ಅಡವಿಟ್ಟು ಅದನ್ನು ಕೊಂಡರು. 'ಇದು ಯಾವತ್ತೂ ಇಳಿಯಲ್ಲ' ಎಂದು ಸಾಲ ಕೊಟ್ಟವರೇ ಹೇಳುತ್ತಿದ್ದರು. ಅಷ್ಟರಲ್ಲಿ ಊಬರ್ ಬಂತು. ಬೇಲಿ ಹಾಗೇ ಇತ್ತು, ಆದರೆ ಗಿರಾಕಿಗಳು ಬೇಲಿಯ ಆಚೆ ಹೋಗಿಬಿಟ್ಟರು. ಬಿಲ್ಲೆಯ ಬೆಲೆ 2 ಲಕ್ಷ ಡಾಲರಿನ ಕೆಳಗೆ ಬಿತ್ತು, ಸಾಲ ಮಾತ್ರ ಹಾಗೇ ಉಳಿಯಿತು. ಕೆಲವು ಡ್ರೈವರುಗಳು ಜೀವ ತೆಗೆದುಕೊಂಡರು. 2021ರಲ್ಲಿ ಡ್ರೈವರುಗಳು ಉಪವಾಸ ಕೂತ ಮೇಲೆ ನಗರಾಡಳಿತ ಸಾಲ ತಗ್ಗಿಸುವ ಒಪ್ಪಂದಕ್ಕೆ ಬಂತು.

ಈಗ ನಮ್ಮ ಊರಿಗೆ ಬನ್ನಿ. ಕರ್ನಾಟಕದಲ್ಲಿ ಕಾರು ಟ್ಯಾಕ್ಸಿಗೆ ಆ ಥರದ ಬೇಲಿ ಇಲ್ಲ. ಯಾರು ಬೇಕಾದರೂ ಕಾರು ಕೊಳ್ಳಬಹುದು, ಯೆಲ್ಲೋ ಬೋರ್ಡ್ ಮಾಡಿಸಬಹುದು, ಪರ್ಮಿಟ್ ಪಡೆಯಬಹುದು. ಗಿರಾಕಿಗೆ ಇದು ಒಳ್ಳೆಯದೇ. ಆದರೆ ದುಡ್ಡು ಹಾಕುವವನು ಇಷ್ಟು ತಿಳಿದಿರಬೇಕು: ನಿಮಗೆ ಲಾಭ ಬರುತ್ತಿದೆ ಎಂದು ಕಂಡ ದಿನ ಪಕ್ಕದ ಮನೆಯವನೂ ಒಂದು ಕಾರು ತರುತ್ತಾನೆ. ಬೆಂಗಳೂರಿನಲ್ಲಿ ಆಗಿದ್ದೂ ಇದೇ. ಆಪ್ ಕಂಪನಿಗಳು ಮೊದಮೊದಲು ಇನ್ಸೆಂಟಿವ್ ಸುರಿದವು, ಹೊಲ ಮಾರಿ ಕಾರು ತಂದವರಿದ್ದರು. ಕಾರುಗಳು ಜಾಸ್ತಿ ಆದವು, ಇನ್ಸೆಂಟಿವ್ ಇಳಿಯಿತು, 2017ರ ಫೆಬ್ರವರಿಯಲ್ಲಿ ಓಲಾ, ಊಬರ್ ಡ್ರೈವರುಗಳು ಮುಷ್ಕರ ಹೂಡಿದರು. ಇಎಂಐಗೆ ಮಾತ್ರ ಮುಷ್ಕರದ ರಜೆ ಇಲ್ಲ.

ಹಾಗಾದರೆ ಲೈಸೆನ್ಸ್ ಬೇಡವೇ? ಬೇಕು! ನನ್ನ ಮಾತೇ ಅದು. ಲೈಸೆನ್ಸ್ ಬೇರೆ, ಕಾರು ಬೇರೆ. ನಮ್ಮವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ತಪ್ಪಾಗುವುದು ಅಲ್ಲೇ.

ಲೈಸೆನ್ಸಿಗೆ ಖರ್ಚಾಗುವುದು ಸಣ್ಣ ಮೊತ್ತ. ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ, ವೈದ್ಯರ ಸರ್ಟಿಫಿಕೇಟ್, ಆರ್‌ಟಿಒ ಕಚೇರಿಗೆ ಎರಡೋ ಮೂರೋ ಓಡಾಟ. ಏಜೆಂಟರ ಕೈಗೆ ಬಿದ್ದರೂ ನಿಮ್ಮ ಒಂದು ವಿಮಾನ ಟಿಕೆಟ್ಟಿನಷ್ಟು ಆಗುವುದಿಲ್ಲ. ಮೊದಲು ಟ್ರಾನ್ಸ್‌ಪೋರ್ಟ್ ಲೈಸೆನ್ಸಿಗೆ ಎಂಟನೇ ಕ್ಲಾಸ್ ಪಾಸಾಗಿರಬೇಕಿತ್ತು, 2019ರಲ್ಲಿ ಆ ನಿಯಮ ತೆಗೆದರು. ಅದೇ ವರ್ಷದ ತಿದ್ದುಪಡಿಯಲ್ಲಿ ಟ್ರಾನ್ಸ್‌ಪೋರ್ಟ್ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ಶಾಲೆ ಅರ್ಧಕ್ಕೆ ಬಿಟ್ಟ ಎಷ್ಟೋ ಹುಡುಗರಿಗೆ ಇದರಿಂದ ದಾರಿ ತೆರೆದಿದೆ.

ಇನ್ನೊಂದು ಮುಖ್ಯ ಬದಲಾವಣೆ ಸುಪ್ರೀಂ ಕೋರ್ಟಿನದು. ಮಾಮೂಲಿ ಕಾರಿನ ಎಲ್‌ಎಂವಿ ಲೈಸೆನ್ಸ್ ಇದ್ದವನು 7,500 ಕೆಜಿ ಒಳಗಿನ ಟ್ಯಾಕ್ಸಿಯನ್ನೂ ಓಡಿಸಬಹುದೇ, ಅದಕ್ಕೆ ಬೇರೆ ಎಂಡಾರ್ಸ್‌ಮೆಂಟ್ ಬೇಕೇ ಎಂಬ ಜಗಳ ವರ್ಷಗಟ್ಟಲೆ ನಡೆದಿತ್ತು. ಅಪಘಾತ ಆದಾಗ ಇನ್ಶೂರೆನ್ಸ್ ಕಂಪನಿಗಳು ಇದನ್ನೇ ನೆಪ ಮಾಡಿ ಕ್ಲೇಮ್ ತಳ್ಳಿಹಾಕುತ್ತಿದ್ದವು. ಬೇರೆ ಬೇಡ ಎಂದು 2017ರಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ತೀರ್ಪು ಬಂತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಅಷ್ಟಾದರೂ ಆಪ್ ಕಂಪನಿಯವರು, ಟ್ರಾವೆಲ್ಸ್‌ನವರು ಅವರದೇ ದಾಖಲೆ ಕೇಳುತ್ತಾರೆ. ಬ್ಯಾಡ್ಜ್ ಇದೆಯಾ, ಪೊಲೀಸ್ ವೆರಿಫಿಕೇಶನ್ ಆಗಿದೆಯಾ ಎಂಬುದು ಮೊದಲ ಪ್ರಶ್ನೆ. ಎಲ್ಲಿ ಕೆಲಸ ಮಾಡಬೇಕು ಅಂತಿದ್ದೀರೋ ಅಲ್ಲಿ ಮೊದಲು ವಿಚಾರಿಸಿ, ಆಮೇಲೆ ಅರ್ಜಿ ಹಾಕಿ. ಮತ್ತೆ, ತೀರ್ಪು ಇರುವುದು ಲೈಸೆನ್ಸಿನ ಬಗ್ಗೆ. ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸಲು ಅದು ಅನುಮತಿ ಅಲ್ಲ.

ಆಪ್ಶನ್ ಟ್ರೇಡಿಂಗ್ ಗೊತ್ತಿರುವವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಲೈಸೆನ್ಸ್ ಒಂದು ಕಾಲ್ ಆಪ್ಶನ್. ಪ್ರೀಮಿಯಂ ಸಣ್ಣದು, ಅವಧಿ ಐದು ವರ್ಷ, ಬಳಸದಿದ್ದರೆ ನಷ್ಟ ಕಟ್ಟಿದ ಶುಲ್ಕ ಅಷ್ಟೇ. ಕಾರು ಹಾಗಲ್ಲ. ಷೋರೂಮಿನ ಬಾಗಿಲು ದಾಟಿದ ಕ್ಷಣದಿಂದ ಅದು ಕರಗುತ್ತದೆ.

ಎಷ್ಟು ಕರಗುತ್ತದೆ ಎಂದು ನನ್ನನ್ನು ನಂಬಬೇಡಿ, ಆದಾಯ ತೆರಿಗೆ ನಿಯಮಗಳನ್ನೇ ನೋಡಿ. ಸಾಮಾನ್ಯ ಕಾರಿಗೆ ವರ್ಷಕ್ಕೆ ಶೇ 15 ಸವಕಳಿ. ಬಾಡಿಗೆಗೆ ಓಡಿಸುವ ಕಾರಿಗೆ ಶೇ 30. 10 ಲಕ್ಷದ ಕಾರು ಐದು ವರ್ಷದ ನಂತರ ಪುಸ್ತಕದಲ್ಲಿ ಮೊದಲ ಲೆಕ್ಕಕ್ಕೆ 4.44 ಲಕ್ಷ, ಎರಡನೆಯದಕ್ಕೆ 1.68 ಲಕ್ಷ. ಮಾರುಕಟ್ಟೆಯಲ್ಲಿ ಇದಕ್ಕಿಂತ ಸ್ವಲ್ಪ ಹೆಚ್ಚು ಸಿಗಬಹುದು, ಆದರೆ ಹಳೇ ಯೆಲ್ಲೋ ಬೋರ್ಡ್ ಗಾಡಿಗೆ ಮುಗಿಬೀಳುವವರು ಯಾರಿದ್ದಾರೆ?

ಪುತ್ತೂರಿನವರಿಗೆ ಚಹಾ ಅಂಗಡಿಯ ಬಿಲ್ಲಿನ ಹಿಂದೆ ಬರೆದುಕೊಟ್ಟ ಲೆಕ್ಕ ಇಲ್ಲಿದೆ. ಅಂಕಿಗಳು ನನ್ನ ಅಂದಾಜು, ನಿಮ್ಮ ಊರಿನದು ಹಾಕಿಕೊಳ್ಳಿ. ಕಾರು ಆನ್‌ರೋಡ್ 10 ಲಕ್ಷ, ಐದು ವರ್ಷಕ್ಕೆ 3 ಲಕ್ಷಕ್ಕೆ ಮಾರುತ್ತೀರಿ. ಹೋದದ್ದು 7 ಲಕ್ಷ, ಅಂದರೆ ತಿಂಗಳಿಗೆ 11,667. ಅದೇ 10 ಲಕ್ಷ ಶೇ 7ರ ಡಿಪಾಸಿಟ್‌ನಲ್ಲಿ ಇದ್ದಿದ್ದರೆ ತಿಂಗಳಿಗೆ 5,833 ಬರುತ್ತಿತ್ತು, ಅದೂ ಹೋಯಿತು. ಸಾಲ ಮಾಡಿದರೆ ಇದಕ್ಕಿಂತ ಜಾಸ್ತಿಯೇ ಹೋಗುತ್ತದೆ. ಇನ್ಶೂರೆನ್ಸ್, ಟೈರು, ಸರ್ವಿಸ್, ಪರ್ಮಿಟ್, ಎಫ್‌ಸಿ ಎಲ್ಲ ಸೇರಿ 7,500 ಎನ್ನಿ. ಒಟ್ಟು 25,000. ತಿಂಗಳಿಗೆ 26 ದಿನ ಓಡಿಸಿದರೆ ದಿನಕ್ಕೆ 960 ರೂಪಾಯಿ. ಇನ್ನೂ ಒಂದು ಹನಿ ಪೆಟ್ರೋಲ್ ಹಾಕಿಲ್ಲ.

ಆದಾಯಕ್ಕೆ ಬನ್ನಿ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಗದಿ ಮಾಡಿದ ದರದಲ್ಲಿ 10 ಲಕ್ಷದೊಳಗಿನ ಕಾರಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24. ಎರಡು ಕಿಲೋಮೀಟರ್ ಬಾಡಿಗೆಗೆ ಒಂದು ಕಿಲೋಮೀಟರ್ ಖಾಲಿ ಓಡುತ್ತದೆ ಎಂದುಕೊಂಡರೆ, ಕಿಲೋಮೀಟರಿಗೆ 5 ರೂಪಾಯಿಯಂತೆ ಇಂಧನಕ್ಕೆ ಏಳೂವರೆ ರೂಪಾಯಿ ಹೋಗುತ್ತದೆ. ಉಳಿದದ್ದು ಹದಿನಾರೂವರೆ. ದಿನಕ್ಕೆ 100 ಕಿಲೋಮೀಟರ್ ಬಾಡಿಗೆ ಸಿಕ್ಕಿದರೆ 1,650. ಅದರಲ್ಲಿ ಕಾರಿನ ಪಾಲು 960. ಡ್ರೈವರಿಗೆ 690. ತಿಂಗಳಿಗೆ ಹತ್ತಿರ ಹತ್ತಿರ 18,000, ಅದೂ ಆಪ್ ಕಂಪನಿಗೆ ಒಂದು ಪೈಸೆ ಕಮಿಷನ್ ಕೊಡದೆ, ಗಾಡಿ ಒಂದು ಸಲವೂ ತಿಕ್ಕದೆ. ಬೆಂಗಳೂರಿನಲ್ಲಿ ಮನೆ ಡ್ರೈವರಿಗೆ ಈ ಸಂಬಳ ಹೇಳಿ ನೋಡಿ, ಫೋನ್ ಇಟ್ಟುಬಿಡುತ್ತಾರೆ.

ಅವರು ಬಿಲ್ಲನ್ನು ಬಹಳ ಹೊತ್ತು ನೋಡಿದರು. "ಹಾಗಾದರೆ ಕಾರು ಇಟ್ಟುಕೊಂಡವರೆಲ್ಲ ಹುಚ್ಚರಾ?"

ಅಲ್ಲ. ಇದು ನ್ಯಾಯವಾದ ಪ್ರಶ್ನೆ. ಅವರ ಕಡೆಯೇ ಕುಕ್ಕೆ, ಧರ್ಮಸ್ಥಳ ಟ್ರಿಪ್ ಮಾಡಿಕೊಂಡು ಇಪ್ಪತ್ತು ವರ್ಷದಿಂದ ಚೆನ್ನಾಗಿ ಬದುಕಿದವರನ್ನು ಅವರೂ ಬಲ್ಲರು, ನಾನೂ ಬಲ್ಲೆ. ಅಂಥವರ ಬಳಿ ಕಾರಿಗಿಂತ ದೊಡ್ಡ ಆಸ್ತಿ ಒಂದಿದೆ: ನಂಬರ್ ಉಳಿಸಿಕೊಂಡ ಇನ್ನೂರು ಮನೆ. ಮದುವೆ, ಆಸ್ಪತ್ರೆ, ಏರ್‌ಪೋರ್ಟ್, ಎಲ್ಲಕ್ಕೂ ಅವರಿಗೇ ಫೋನ್. ಆ ಬೇಲಿಯನ್ನು ಸರ್ಕಾರ ಕಟ್ಟಿಕೊಟ್ಟಿಲ್ಲ, ಅವರೇ ಕಟ್ಟಿಕೊಂಡದ್ದು. 18 ವರ್ಷ ಊರಿನಿಂದ ಹೊರಗಿದ್ದವರ ಫೋನಿನಲ್ಲಿ ಆ ಇನ್ನೂರು ನಂಬರ್ ಇರುವುದಿಲ್ಲ. ಅದನ್ನು ಬೇರೆಯವರ ಗಾಡಿ ಓಡಿಸುತ್ತಲೂ ಸಂಪಾದಿಸಬಹುದು. ಆರು ತಿಂಗಳು ಟ್ರಾವೆಲ್ಸ್ ಒಂದರಲ್ಲಿ ಸಂಬಳಕ್ಕೆ ಓಡಿಸಿ, ಯಾವ ರೂಟಿನಲ್ಲಿ ಬಾಡಿಗೆ ಇದೆ, ಯಾವ ತಿಂಗಳು ಖಾಲಿ, ಬೆನ್ನು ಎಷ್ಟು ತಡೆಯುತ್ತದೆ ಎಲ್ಲವೂ ಗೊತ್ತಾಗುತ್ತದೆ. ಗ್ರಾಚ್ಯುಟಿ ಬ್ಯಾಂಕಿನಲ್ಲೇ ಇರಲಿ. ಆಮೇಲೆ ಕಾರು ಬೇಕು ಅನ್ನಿಸಿದರೆ ಎರಡು ಮೂರು ವರ್ಷ ಹಳೆಯದನ್ನು ನೋಡಿ. ಮೊದಲ ವರ್ಷಗಳ ದೊಡ್ಡ ಸವಕಳಿ ಬೇರೆಯವರ ತಲೆಗೆ ಹೋಗಿರುತ್ತದೆ.

ತಮ್ಮನಿಗೆ ಕಾರು ಕೊಡಿಸಲು ಹೊರಟಿರುವ ಎನ್ನಾರೈಗಳಿಗೆ ಎರಡು ಮಾತು. ಕಾರು ನಿಮ್ಮ ಹೆಸರಿನಲ್ಲಿದ್ದರೆ ಬಾಡಿಗೆ ಆದಾಯ ಭಾರತದಲ್ಲಿ ತೆರಿಗೆಗೆ ಬರುತ್ತದೆ. ಸಣ್ಣ ವ್ಯಾಪಾರಿಗಳಿಗಿರುವ ಸುಲಭ ಲೆಕ್ಕ ನಿವಾಸಿಗಳಿಗೆ ಮಾತ್ರ, ನಿಮಗೆ ಅದು ಸಿಗುವುದಿಲ್ಲ, ಪುಸ್ತಕ ಇಡಬೇಕು. ಅಪಘಾತ ಆದರೆ ಮಾಲೀಕ ಎಂದು ನೋಟಿಸ್ ಬರುವುದೂ ನಿಮಗೇ. ಆದ್ದರಿಂದ ತಮ್ಮ ಕೇಳಿದರೆ ಮೊದಲು ಲೈಸೆನ್ಸ್, ಬ್ಯಾಡ್ಜಿನ ಖರ್ಚು ಕೊಡಿ. ಅವನು ಆರ್‌ಟಿಒಗೆ ಓಡಾಡಿ ಅದನ್ನು ಮಾಡಿಸಿಕೊಂಡನೇ, ಒಂದು ವರ್ಷ ಬೇರೆಯವರ ಗಾಡಿ ಓಡಿಸಿದನೇ ನೋಡಿ. ಆಮೇಲೂ ಕಾರು ಬೇಕೆಂದರೆ ಕೊಡುವುದನ್ನು ಉಡುಗೊರೆ ಎಂದೇ ಕೊಡಿ. 'ಇನ್ವೆಸ್ಟ್‌ಮೆಂಟ್' ಎಂದು ಹೆಸರಿಟ್ಟು ಆಮೇಲೆ ದೀಪಾವಳಿಗೆ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ನಾನು ನೋಡಿದ್ದೇನೆ.

ನಮ್ಮ ಪುತ್ತೂರಿನವರು ಮುಂದಿನ ತಿಂಗಳು ರಜೆಗೆ ಹೋಗುತ್ತಿದ್ದಾರೆ, ಲೈಸೆನ್ಸ್ ಕೆಲಸ ಆಗಲೇ ಶುರು ಮಾಡುತ್ತಾರಂತೆ. ಪರ್ಸಿನಿಂದ ಅವರ ಭಾರತದ ಲೈಸೆನ್ಸ್ ತೆಗೆದು ತೋರಿಸಿದರು. ಅವಧಿ ಮುಗಿದು ನಾಲ್ಕು ವರ್ಷ ಆಗಿದೆ. ಒಂದು ವರ್ಷ ದಾಟಿದರೆ ಬರೀ ರಿನೀವಲ್ ಸಾಲದು, ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು ಎಂದೆ. ಒಮಾನಿಗೆ ಬಂದ ಹೊಸದರಲ್ಲಿ ಡ್ರಮ್ಮುಗಳ ನಡುವೆ ರಿವರ್ಸ್ ತೆಗೆಯುವ ಟೆಸ್ಟಿನಲ್ಲಿ ಎರಡು ಸಲ ಫೇಲಾದದ್ದನ್ನು ನೆನೆಸಿಕೊಂಡು ನಕ್ಕರು.

"ಈ ವಯಸ್ಸಿನಲ್ಲಿ ಪುನಃ ಎಲ್ ಬೋರ್ಡಾ ಮಾರಾಯ್ರೇ?" ಅಂದರು. ಬಿಲ್ಲನ್ನು ಮಡಚಿ ಅದೇ ಲೈಸೆನ್ಸಿನ ಹಿಂದೆ ಸಿಕ್ಕಿಸಿಕೊಂಡರು.