ಕ್ಯಾಮೆರಾಕ್ಕೂ ಪಾಟೀಸವಾಲು ಬೇಕು

‘ವಿಡಿಯೊ ಇದೆಯಲ್ಲ, ಇನ್ನೇನು ವಿಚಾರಣೆ?’ ಕೊಲೆಯೊಂದು ಸುದ್ದಿಯಾಗಿ, ಎಲ್ಲಿಂದಲೋ ಒಂದು ಸಿಸಿಟಿವಿ ತುಣುಕು ಹೊರಬಿದ್ದ ದಿನ ಟಿವಿ ಚರ್ಚೆಯಲ್ಲಿ ಯಾರಾದರೊಬ್ಬರು ಈ ಮಾತು ಆಡಿಯೇ ಆಡುತ್ತಾರೆ. ಪಕ್ಕದಲ್ಲಿ ಕೂತವರು ಹೌದೆಂದು ತಲೆಯಾಡಿಸುತ್ತಾರೆ. ಕಾರು ಕಂಡಿದೆ, ನಂಬರ್ ಪ್ಲೇಟು ಕಂಡಿದೆ, ಟೋಲ್ ಗೇಟಿನಲ್ಲಿ ಫಾಸ್ಟ್ಯಾಗ್ ದುಡ್ಡು ಕಡಿತವಾಗಿದೆ. ಇಷ್ಟಾದ ಮೇಲೂ ವಕೀಲರು ವರ್ಷಗಟ್ಟಲೆ ವಾದಿಸುವುದೆಂದರೆ ಕೇಸು ಎಳೆಯುವುದಲ್ಲದೆ ಮತ್ತೇನು ಎಂಬುದು ಅವರ ತರ್ಕ. ನನಗೆ ಇದು ತಲೆಕೆಳಗಾದ ತರ್ಕ. ಯಂತ್ರದ ಸಾಕ್ಷ್ಯ ಹೆಚ್ಚಿದಷ್ಟೂ ವಾದ ಹೆಚ್ಚಬೇಕು. ಕಣ್ಣಾರೆ ಕಂಡ ಮನುಷ್ಯನಿಗೆ ಅರ್ಧ ದಿನದ ಪಾಟೀಸವಾಲು ಸಾಕಾದರೆ, ಕಾರಿನ ಕಂಪ್ಯೂಟರಿಗೆ ವಾರವೇ ಬೇಕಾದೀತು. ಆ ವಾರ ವ್ಯರ್ಥವೆಂದು ನಾನು ಒಪ್ಪಲಾರೆ.

ಅಮೆರಿಕದ ಕ್ಯಾರನ್ ರೀಡ್ ಪ್ರಕರಣವನ್ನು ನೋಡಿ. ಬಾಸ್ಟನ್ ಪೊಲೀಸ್ ಅಧಿಕಾರಿ ಜಾನ್ ಓಕೀಫ್ 2022ರ ಜನವರಿ 29ರ ಬೆಳಗಿನ ಜಾವ, ಮ್ಯಾಸಚೂಸೆಟ್ಸ್ ರಾಜ್ಯದ ಕ್ಯಾಂಟನ್ ಎಂಬ ಊರಲ್ಲಿ, ಇನ್ನೊಬ್ಬ ಪೊಲೀಸ್ ಅಧಿಕಾರಿಯ ಮನೆ ಮುಂದೆ ಹಿಮದಲ್ಲಿ ಬಿದ್ದಿದ್ದರು. ಗೆಳತಿ ರೀಡ್ ಕುಡಿದ ಅಮಲಿನಲ್ಲಿ ತನ್ನ ಲೆಕ್ಸಸ್ ಕಾರನ್ನು ಹಿಂದಕ್ಕೆ ಓಡಿಸಿ ಅವರಿಗೆ ಗುದ್ದಿ, ಹಿಮಗಾಳಿಯಲ್ಲಿ ಸಾಯಲು ಬಿಟ್ಟು ಹೋದಳೆಂಬುದು ಪ್ರಾಸಿಕ್ಯೂಷನ್ ವಾದ. ಆರೋಪ ಎರಡನೆಯ ದರ್ಜೆಯ ಕೊಲೆ. ಓಕೀಫ್ ಆ ಮನೆಯೊಳಗೆ ಹೋಗಿದ್ದರು, ಅಲ್ಲಿ ಪೆಟ್ಟು ತಿಂದರು, ಆಮೇಲೆ ಹೊರಗೆ ತಂದು ಹಾಕಲಾಯಿತು, ಪೊಲೀಸರು ತಮ್ಮವರನ್ನು ಉಳಿಸಿಕೊಳ್ಳಲು ಈಕೆಯನ್ನು ಸಿಕ್ಕಿಸಿದರು ಎಂಬುದು ಪ್ರತಿವಾದ. ಗುದ್ದಿದ್ದನ್ನು ಕಂಡವರಿಲ್ಲ, ಆ ಕ್ಷಣದ ವಿಡಿಯೊ ಇಲ್ಲ. ಇದ್ದದ್ದು ಕಾರಿನ ದತ್ತಾಂಶ, ಸತ್ತವರ ಫೋನು, ಒಡೆದ ಟೈಲ್‌ಲೈಟು ಮತ್ತು ಬೇರೆಲ್ಲೆಲ್ಲೋ ಇದ್ದ ಕ್ಯಾಮೆರಾಗಳು.

ಮೊದಲು ಕಾರು. ಆಕ್ಸಿಲರೇಟರನ್ನು ಇದ್ದಕ್ಕಿದ್ದಂತೆ ಜೋರಾಗಿ ತುಳಿಯುವಂಥ ಅಸಹಜ ಚಾಲನೆ ನಡೆದಾಗ ಆ ಲೆಕ್ಸಸ್ಸಿನ ಕಂಪ್ಯೂಟರು ಕೆಲವು ಸೆಕೆಂಡುಗಳ ವೇಗ, ಗೇರು, ಪೆಡಲಿನ ಒತ್ತಡಗಳನ್ನು ಬರೆದಿಟ್ಟುಕೊಳ್ಳುತ್ತದೆ. ಆ ರಾತ್ರಿ ಕಾರು ಗಂಟೆಗೆ 24 ಮೈಲಿಯಷ್ಟು ವೇಗದಲ್ಲಿ ಹಿಂದಕ್ಕೆ ಹೋಯಿತೆಂದು ಮೊದಲ ವಿಚಾರಣೆಯಲ್ಲಿ ರಾಜ್ಯ ಪೊಲೀಸ್ ತಜ್ಞ ಹೇಳಿದ. ಕೇಳಿದವರಿಗೆ ಅಷ್ಟೇ ಸಾಕೆನಿಸುತ್ತದೆ. ಆದರೆ ಆ ದಾಖಲೆಯಲ್ಲಿ ಗಡಿಯಾರದ ಹೊತ್ತಿರುವುದಿಲ್ಲ. ಕಾರು ಶುರುವಾಗಿ ಎಷ್ಟು ಹೊತ್ತಾಯಿತೆಂಬ ಲೆಕ್ಕವಷ್ಟೇ ಇರುತ್ತದೆ. ಅದನ್ನು ಗಡಿಯಾರಕ್ಕೆ ಹೊಂದಿಸುವವನು ಮನುಷ್ಯ. ಎರಡನೆಯ ವಿಚಾರಣೆಯಲ್ಲಿ ಪ್ರಾಸಿಕ್ಯೂಷನ್ನಿನ ಇನ್ನೊಬ್ಬ ತಜ್ಞ ಕಾರಿನ ಹೊತ್ತನ್ನೂ ಓಕೀಫ್ ಫೋನಿನ ಹೊತ್ತನ್ನೂ ಪಕ್ಕಪಕ್ಕ ಇಟ್ಟು, ದಾರಿಯಲ್ಲಿ ಕಾರು ಮಾಡಿದ ಒಂದು ತಿರುವನ್ನು ಗುರುತಾಗಿ ಹಿಡಿದು, ಎರಡು ಗಡಿಯಾರಗಳ ನಡುವೆ 21ರಿಂದ 29 ಸೆಕೆಂಡುಗಳ ವ್ಯತ್ಯಾಸವಿದೆ ಎಂದ. ಫೋನು ಕೊನೆಯ ಬಾರಿಗೆ ಲಾಕ್ ಆದದ್ದು ರಾತ್ರಿ 12 ಗಂಟೆ 32 ನಿಮಿಷ 9 ಸೆಕೆಂಡಿಗೆ. ಕಾರು ಹಿಂದಕ್ಕೆ ಹೋಗಿ ಮುಗಿದದ್ದು ಅದಕ್ಕಿಂತ ಮೊದಲಾದರೆ, ಗುದ್ದಿಸಿಕೊಂಡು ಬಿದ್ದನೆನ್ನಲಾದ ಮನುಷ್ಯ ಆಮೇಲೆ ಫೋನನ್ನು ಲಾಕ್ ಮಾಡಿದ ಎಂದಾಗುತ್ತದೆ. ಪ್ರತಿವಾದದ ತಜ್ಞ ಬಂದು, ನಿಮ್ಮದೇ ಅಂಕಿಗಳನ್ನು ಹೇಗೆ ಕೂಡಿಸಿದರೂ ಹೆಚ್ಚಿನ ಲೆಕ್ಕಗಳಲ್ಲಿ ಫೋನು ಲಾಕ್ ಆದದ್ದು ಕಾರಿನ ಚಲನೆ ಮುಗಿದ ಮೇಲೆಯೇ ಎಂದ. ಒಬ್ಬ ಹೆಂಗಸಿನ ಜೀವಮಾನದ ಜೈಲು ಅರ್ಧ ನಿಮಿಷಕ್ಕೂ ಕಡಿಮೆಯ ಅಂತರದಲ್ಲಿ ತೂಗುತ್ತಿತ್ತು. ಪಾಟೀಸವಾಲಿನಲ್ಲಿ ಆ ಪ್ರಾಸಿಕ್ಯೂಷನ್ ತಜ್ಞನ ಪದವಿ ಪೂರ್ತಿಯಾಗಿಲ್ಲವೆಂಬುದೂ ಹೊರಬಿತ್ತು. ವಕೀಲರು ಅದನ್ನು ಬಹಳ ಹೊತ್ತು ಜಗ್ಗಿದರು. ನನಗೆ ಅದು ಅಗ್ಗದ ಆಟವೆನಿಸಿತು. ಅಸಲಿ ಪ್ರಶ್ನೆ ಆ ಸೆಕೆಂಡುಗಳದೇ.

ಇನ್ನು ವಿಡಿಯೊ. ವಶಪಡಿಸಿಕೊಂಡ ಕಾರನ್ನು ಕ್ಯಾಂಟನ್ ಪೊಲೀಸ್ ಠಾಣೆಯ ಗ್ಯಾರೇಜಿಗೆ ತಂದಾಗಿನ ದೃಶ್ಯವನ್ನು ಮೊದಲ ವಿಚಾರಣೆಯಲ್ಲಿ ಜ್ಯೂರಿಗೆ ತೋರಿಸಲಾಯಿತು. ಇಡೀ ಮೊಕದ್ದಮೆಯ ಜೀವ ಇದ್ದದ್ದು ಕಾರಿನ ಹಿಂಬದಿಯ ಬಲ ಟೈಲ್‌ಲೈಟಿನಲ್ಲಿ. ಅದರ ಚೂರುಗಳು ಶವ ಬಿದ್ದಿದ್ದ ಜಾಗದಲ್ಲಿ ಸಿಕ್ಕಿದ್ದವು. ಪೊಲೀಸರೇ ಅದನ್ನು ಒಡೆದು ಚೂರು ಹಾಕಿದರು ಎಂಬುದು ಪ್ರತಿವಾದದ ಆರೋಪವಾಗಿತ್ತು. ಹಾಗಿರುವಾಗ ಗ್ಯಾರೇಜಿನಲ್ಲಿ ಯಾರು ಯಾವ ಬದಿಗೆ ಹೋದರೆಂಬುದೇ ಮುಖ್ಯ. ಪ್ರಾಸಿಕ್ಯೂಷನ್ ತೋರಿಸಿದ ಆ ವಿಡಿಯೊ ಕನ್ನಡಿಯ ಬಿಂಬದಂತೆ ಎಡಬಲ ಅದಲುಬದಲಾಗಿತ್ತು! ಮೂಲೆಯಲ್ಲಿ ಮೂಡುವ ದಿನಾಂಕ, ಗಂಟೆಗಳ ಅಂಕಿಗಳು ಮಾತ್ರ ನೆಟ್ಟಗೆ ಇದ್ದವು. ಹಾಗಾಗಿ ನೋಡಿದವರಿಗೆ ಅನುಮಾನ ಬರುವಂತಿರಲಿಲ್ಲ. ಬಲ ಟೈಲ್‌ಲೈಟಿನ ಹತ್ತಿರ ಯಾರೂ ಸುಳಿಯಲಿಲ್ಲವೆಂದು ತೋರುತ್ತಿತ್ತು. ವಾಸ್ತವದಲ್ಲಿ ಜನ ನಿಂತಿದ್ದು ಅದೇ ಬದಿಗೆ. ಇದು ಬಯಲಾದದ್ದು ಪಾಟೀಸವಾಲಿನಲ್ಲಿ, ಪ್ರತಿವಾದದ ವಕೀಲ ಕೇಳಿದ್ದಕ್ಕೆ. ಕೇಳದಿದ್ದರೆ? ಹನ್ನೆರಡು ಜನ ಆ ಬಿಂಬವನ್ನೇ ನಂಬಿ ಎದ್ದು ಹೋಗುತ್ತಿದ್ದರು.

ನಮ್ಮಲ್ಲಿ ‘ಹ್ಯಾಶ್ ಹೊಂದಿದರೆ ಸಾಕು, ವಿಡಿಯೊ ಅಸಲಿ’ ಎನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಹ್ಯಾಶ್ ಎಂದರೆ ಕಡತವೊಂದರಿಂದ ಲೆಕ್ಕ ಹಾಕಿ ತೆಗೆದ ಅಂಕಿ. ಕಡತದಲ್ಲಿ ಒಂದು ಬಿಂದು ಬದಲಾದರೂ ಅಂಕಿ ಬದಲಾಗುತ್ತದೆ. ನಕಲು ಮೂಲದಂತೆಯೇ ಇದೆಯೆಂದು ಅದು ಹೇಳುತ್ತದೆ, ಅಷ್ಟೇ. ರೆಕಾರ್ಡರಿನಲ್ಲೇ ಎಡಬಲ ತಿರುಗಿ ಕೂತ ವಿಡಿಯೊಕ್ಕೆ ಹ್ಯಾಶ್ ಹಾಕಿ ನೋಡಿ, ಪರೀಕ್ಷೆಯಲ್ಲಿ ನೂರಕ್ಕೆ ನೂರು ಪಾಸಾಗುತ್ತದೆ. ಗಡಿಯಾರ ಹಿಂದಿದ್ದರೂ ಪಾಸು, ಕ್ಯಾಮೆರಾ ತಿರುಗಿದ್ದರೂ ಪಾಸು, ಮುಖ್ಯ ಹತ್ತು ನಿಮಿಷ ರೆಕಾರ್ಡೇ ಆಗದಿದ್ದರೂ ಪಾಸು.

ಅದೇ ಪ್ರಕರಣದಲ್ಲಿ ಇನ್ನೊಂದು ತುಣುಕು. ಬೆಳಗಿನ ಜಾವ 5 ಗಂಟೆ 7 ನಿಮಿಷಕ್ಕೆ ಓಕೀಫ್ ಮನೆಯ ಕ್ಯಾಮೆರಾದಲ್ಲಿ ರೀಡ್ ಕಾರನ್ನು ಹಿಂದಕ್ಕೆ ತೆಗೆಯುವುದು ಕಾಣುತ್ತದೆ. ಅಲ್ಲಿ ನಿಂತಿದ್ದ ಓಕೀಫ್ ಕಾರಿಗೆ ಅದು ತಗಲುತ್ತದೆ. ಟೈಲ್‌ಲೈಟು ಬಿರುಕು ಬಿಟ್ಟದ್ದು ಇಲ್ಲೇ ಎಂದಿತು ಒಂದು ಪಕ್ಷ. ಇಷ್ಟು ಮೆಲ್ಲಗೆ ತಗಲಿದರೆ ಒಡೆಯುವುದೇ ಇಲ್ಲ ಎಂದಿತು ಇನ್ನೊಂದು. ಕೆಲವೇ ಸೆಕೆಂಡುಗಳ ದೃಶ್ಯ, ನಕಲಿಯೆಂದು ಯಾರೂ ಹೇಳದ ದೃಶ್ಯ, ಎರಡು ಕತೆಗಳಿಗೂ ಒದಗಿತು. ಕೊನೆಗೆ ಪ್ರಾಸಿಕ್ಯೂಷನ್ ತಜ್ಞನೊಬ್ಬ ಓಕೀಫ್ ತೊಟ್ಟಿದ್ದಂಥ ಬಟ್ಟೆ ತೊಟ್ಟು, ಟೈಲ್‌ಲೈಟಿಗೆ ನೀಲಿ ಬಣ್ಣ ಬಳಿದು, ಅದು ತನ್ನ ತೋಳಿಗೆ ತಾಗಿದರೆ ಬಣ್ಣ ಎಲ್ಲೆಲ್ಲಿ ಹತ್ತುತ್ತದೆಂದು ವಿಡಿಯೊ ಮಾಡಿ ತಂದ. ಪ್ರತಿವಾದದ ತಜ್ಞರು ನಕಲಿ ತೋಳು ತಂದು ಗುದ್ದಿಸಿ, ಗಾಯಗಳು ಹೊಂದುವುದಿಲ್ಲವೆಂದರು. ತಮಾಷೆಯೆನಿಸಬಹುದು. ಕಾರಿನ ದತ್ತಾಂಶ ‘ಕಾರು ಹಿಂದಕ್ಕೆ ಹೋಯಿತು’ ಎನ್ನುತ್ತದೆಯೇ ಹೊರತು ‘ಮನುಷ್ಯನಿಗೆ ತಾಗಿತು’ ಎನ್ನುವುದಿಲ್ಲ. ಆ ನಡುವಿನ ಕಂದಕ ದಾಟಲು ಹೀಗೆಲ್ಲ ಹೆಣಗಲೇಬೇಕು.

2024ರ ಜುಲೈ 1ರಂದು ಮೊದಲ ಜ್ಯೂರಿ ಒಮ್ಮತಕ್ಕೆ ಬಾರದೆ ವಿಚಾರಣೆ ಬಿದ್ದುಹೋಯಿತು. ಮುಖ್ಯ ತನಿಖಾಧಿಕಾರಿ ರೀಡ್ ಬಗ್ಗೆ ಅಸಹ್ಯವಾದ ಮೆಸೇಜುಗಳನ್ನು ಕಳಿಸಿದ್ದು ಹೊರಬಂದು, 2025ರ ಮಾರ್ಚಿನಲ್ಲಿ ಕೆಲಸ ಕಳೆದುಕೊಂಡ. ಎರಡನೆಯ ಜ್ಯೂರಿ 2025ರ ಜೂನ್ 18ರಂದು ಆಕೆಯನ್ನು ಕೊಲೆ ಆರೋಪದಿಂದ ಬಿಡುಗಡೆ ಮಾಡಿ, ಕುಡಿದು ಓಡಿಸಿದ್ದಕ್ಕೆ ಮಾತ್ರ ತಪ್ಪಿತಸ್ಥೆಯೆಂದಿತು. ಆ ರಾತ್ರಿ ನಿಜಕ್ಕೂ ನಡೆದದ್ದೇನು ಎಂಬ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ. ನನ್ನ ಮಾತಿಗೆ ಅದು ಬೇಕಾಗಿಯೂ ಇಲ್ಲ.

ನನ್ನ ಈ ವಾದಕ್ಕೆ ಎದುರಾಗಿ ಹೇಳುವ ಮಾತುಗಳಲ್ಲಿ ಒಂದನ್ನು ನಾನು ತುಂಬ ಗೌರವಿಸುತ್ತೇನೆ. ಮನುಷ್ಯ ಸಾಕ್ಷಿಗಳ ಗತಿ ನಮ್ಮಲ್ಲಿ ಏನಾಗಿದೆಯೆಂದು ಬಲ್ಲವರು ಹೇಳುವ ಮಾತದು. 1999ರಲ್ಲಿ ದೆಹಲಿಯ ಪಾರ್ಟಿಯೊಂದರಲ್ಲಿ ಜೆಸ್ಸಿಕಾ ಲಾಲ್ ಕೊಲೆಯಾದಾಗ ಅಲ್ಲಿದ್ದವರು ಕಡಿಮೆಯೇನಲ್ಲ. ನ್ಯಾಯಾಲಯದಲ್ಲಿ ಒಬ್ಬೊಬ್ಬರೇ ಮಾತು ಬದಲಿಸಿದರು. 2006ರ ಫೆಬ್ರುವರಿಯಲ್ಲಿ ಆರೋಪಿಗಳು ಖುಲಾಸೆಯಾದರು. ದೇಶವೆಲ್ಲ ಸಿಡಿದೆದ್ದ ಮೇಲೆ ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಮುಖ್ಯ ಆರೋಪಿಗೆ ಶಿಕ್ಷೆ ಕೊಟ್ಟಿತು. ಕ್ಯಾಮೆರಾ ದುಡ್ಡಿಗೆ ಬಗ್ಗುವುದಿಲ್ಲ, ಬೆದರಿಕೆಗೆ ಹೆದರುವುದಿಲ್ಲ, ಮಗಳ ಮದುವೆ ಇದೆಯೆಂದು ಊರು ಬಿಡುವುದಿಲ್ಲ. ಊರಿನ ಗೌಡನ ಎದುರು ಸಾಕ್ಷಿ ಹೇಳಬೇಕಾದ ಕೂಲಿಯವನಿಗೆ ಕಂಬದ ಮೇಲಿನ ಕ್ಯಾಮೆರಾ ದೊಡ್ಡ ಆಸರೆ. ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಕ್ಯಾಮೆರಾ ಹೆದರದಿದ್ದರೂ ಅದರ ರೆಕಾರ್ಡರಿನ ಬೀಗದ ಕೈ ಹಿಡಿದವನು ಹೆದರುತ್ತಾನೆ, ಮರೆಯುತ್ತಾನೆ, ಉದಾಸೀನ ಮಾಡುತ್ತಾನೆ.

ವಾರಾಣಸಿಯ ಹೋಟೆಲೊಂದರಲ್ಲಿ 2010ರ ಫೆಬ್ರುವರಿಯಲ್ಲಿ ಇಟಲಿಯ ಪ್ರವಾಸಿಯೊಬ್ಬ ಸತ್ತ. ಅವನೊಂದಿಗೆ ಕೋಣೆಯಲ್ಲಿದ್ದ ಇಬ್ಬರು ಇಟಾಲಿಯನ್ನರಿಗೆ ಕತ್ತು ಹಿಸುಕಿ ಕೊಂದರೆಂದು ಜೀವಾವಧಿ ಶಿಕ್ಷೆಯಾಯಿತು. ಹೋಟೆಲಿನಲ್ಲಿ ಸಿಸಿಟಿವಿ ಇತ್ತು. ಪೊಲೀಸರು ಅದನ್ನು ನೋಡಿದ್ದೂ ಹೌದು. ಅದರಲ್ಲಿ ಉಪಯೋಗಕ್ಕೆ ಬರುವಂಥದ್ದೇನೂ ಇರಲಿಲ್ಲ ಎಂದು ನ್ಯಾಯಾಲಯಕ್ಕೆ ತರಲೇ ಇಲ್ಲ. 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಇಷ್ಟು ಒಳ್ಳೆಯ ಸಾಕ್ಷ್ಯ ಕೈಯಲ್ಲಿದ್ದೂ ತಡೆಹಿಡಿದರೆ ಅದು ಪ್ರಾಸಿಕ್ಯೂಷನ್ನಿಗೆ ವಿರುದ್ಧವಾಗಿತ್ತೆಂದೇ ಊಹಿಸಬೇಕಾಗುತ್ತದೆ ಎಂದು ಇಬ್ಬರನ್ನೂ ಬಿಟ್ಟಿತು. ಐದು ವರ್ಷ ಹೋಗಿತ್ತು. ಅಲ್ಲಿ ಸಾಕ್ಷಿಯ ಬಾಯಿ ಮುಚ್ಚಿಸಲು ಗೂಂಡಾಗಳೇನೂ ಬೇಕಾಗಲಿಲ್ಲ. ಒಬ್ಬ ಅಧಿಕಾರಿಯ ಅಭಿಪ್ರಾಯ ಸಾಕಾಯಿತು.

ನಮ್ಮ ಬೆಂಗಳೂರಿನದೇ ಉದಾಹರಣೆ ಬೇಕೆಂದರೆ, 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದ ಮನೆಯ ಮುಂದೆ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಗುಂಡಿಟ್ಟು ಕೊಂದದ್ದು ಆ ಮನೆಯ ಕ್ಯಾಮೆರಾದಲ್ಲೇ ಇದೆ. ಕೊಂದವನ ತಲೆಗೆ ಹೆಲ್ಮೆಟ್ಟಿತ್ತು. ಕೊಲೆಯೇ ದಾಖಲಾದರೂ ‘ಯಾರು’ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ವಿಶೇಷ ತನಿಖಾ ತಂಡ ತಿಂಗಳುಗಟ್ಟಲೆ ಬೇರೆ ದಾರಿಗಳಲ್ಲಿ ಅಲೆದು, ಕೊನೆಗೆ ವಿಡಿಯೊದಲ್ಲಿನ ನಡಿಗೆಯನ್ನು ಆರೋಪಿಯ ನಡಿಗೆಯೊಂದಿಗೆ ಹೋಲಿಸುವ ಪರೀಕ್ಷೆಗೂ ಹೋಯಿತು. ನಡಿಗೆಯ ವಿಶ್ಲೇಷಣೆಗೆ ಬೆರಳಚ್ಚಿನಷ್ಟು ಹಳೆಯ ಬುನಾದಿ ಇಲ್ಲ. ಅದು ಎಷ್ಟು ನಿಲ್ಲುತ್ತದೆಂದು ಹೇಳಬೇಕಾದದ್ದು ನ್ಯಾಯಾಲಯ, ಎರಡೂ ಕಡೆಯ ಪ್ರಶ್ನೆ ಕೇಳಿಯೇ.

‘ಈಗೆಲ್ಲ ಡೀಪ್‌ಫೇಕ್, ಯಾವ ವಿಡಿಯೊವನ್ನೂ ನಂಬುವಂತಿಲ್ಲ’ ಎನ್ನುವ ಇನ್ನೊಂದು ಅತಿಯೂ ಇದೆ. ಅದು ಯೋಚಿಸಲು ಸೋಮಾರಿತನ ಮಾಡುವವರ ಮಾತು.

ನಮ್ಮ ಕಾನೂನು ಇದನ್ನೆಲ್ಲ ಹೇಗೆ ನೋಡಿತು? ಬಹುಪಾಲು, ಬಾಗಿಲಲ್ಲಿ ನಿಂತು ನೋಡಿತು. 2014ರಲ್ಲಿ ಅನ್ವರ್ ಪ್ರಕರಣದಲ್ಲಿ, ಮತ್ತೆ 2020ರಲ್ಲಿ ಖೋತ್ಕರ್ ಪ್ರಕರಣದಲ್ಲಿ, ವಿದ್ಯುನ್ಮಾನ ದಾಖಲೆಯ ನಕಲು ಹಾಜರುಪಡಿಸುವಾಗ ಪ್ರಮಾಣಪತ್ರ ಬೇಕೇ ಬೇಕೆಂದು ಸುಪ್ರೀಂ ಕೋರ್ಟು ಹೇಳಿತು. (ಎರಡೂ ಚುನಾವಣಾ ತಕರಾರುಗಳು. ಎರಡನೆಯದರಲ್ಲಿ ನಾಮಪತ್ರ ಮಧ್ಯಾಹ್ನ 3 ಗಂಟೆಯೊಳಗೆ ಬಂತೇ ಇಲ್ಲವೇ ಎಂಬುದಕ್ಕೆ ವಿಡಿಯೊ ಬೇಕಿತ್ತು. ಕೊಲೆ ಮೊಕದ್ದಮೆಗಳ ನಿಯಮ ಹುಟ್ಟಿದ್ದು ಹೀಗೆ.) 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಆ ಪ್ರಮಾಣಪತ್ರಕ್ಕೆ ಎರಡು ಭಾಗ ಮಾಡಿ, ಹ್ಯಾಶ್ ಅಂಕಿ ಬರೆಯಲು ಜಾಗ ಕೊಟ್ಟು, ತಜ್ಞನ ಸಹಿಯನ್ನೂ ಸೇರಿಸಿತು. ಬೇಡವೆನ್ನಲಾರೆ. ಆದರೆ ಪರಿಣಾಮವೇನಾಗಿದೆ? ವಕೀಲರ ಹೋರಾಟವೆಲ್ಲ ಕಾಗದ ಇದೆಯೋ ಇಲ್ಲವೋ ಎಂಬಲ್ಲಿ ಮುಗಿಯುತ್ತದೆ. ಕಾಗದವಿಲ್ಲದ ಒಳ್ಳೆಯ ವಿಡಿಯೊ ಹೊರಗೆ, ಕಾಗದವಿರುವ ಕೆಟ್ಟ ವಿಡಿಯೊ ಒಳಗೆ. ಒಳಗೆ ಬಂದದ್ದನ್ನು ಪೀಡಿಸಿ ಕೇಳುವವರಿಲ್ಲ.

ಕೇಳದೆ ಇರುವುದಕ್ಕೆ ಕಾನೂನೇ ಅನುಕೂಲ ಮಾಡಿಕೊಟ್ಟಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 293ನೇ ಕಲಮು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 329ನೇ ಕಲಮು, ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯದ ವರದಿಯನ್ನು ತಜ್ಞನನ್ನು ಕಟಕಟೆಗೆ ಕರೆಯದೆಯೇ ಸಾಕ್ಷ್ಯವಾಗಿ ಒಪ್ಪಲು ಅವಕಾಶ ಕೊಡುತ್ತದೆ. ರೀಡ್ ಪ್ರಕರಣದಲ್ಲಿ ಟೈಲ್‌ಲೈಟಿಗೆ ನೀಲಿ ಬಣ್ಣ ಬಳಿದ ತಜ್ಞ ಅಲ್ಲಿ ಗಂಟೆಗಟ್ಟಲೆ ಉತ್ತರಿಸಬೇಕಾಯಿತು. ಇಲ್ಲಾಗಿದ್ದರೆ ಎರಡು ಪುಟದ ವರದಿ, ಒಂದು ಮೊಹರು, ನಿಶಾನೆ ನಂಬರು ಹಾಕಿಸಿಕೊಂಡು ಕಡತ ಸೇರುತ್ತಿತ್ತು. ಅದೇ ಹೊಸ ಸಂಹಿತೆ ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆನ್ನುತ್ತದೆ, ಶೋಧ ಮತ್ತು ಜಪ್ತಿಯ ವಿಡಿಯೊ ಮಾಡಬೇಕೆನ್ನುತ್ತದೆ. ಅಂದರೆ ಯಂತ್ರದ ಸಾಕ್ಷ್ಯ ಇನ್ನು ಮೇಲೆ ಹೊಳೆಯಂತೆ ಬರಲಿದೆ, ಪ್ರಶ್ನೆ ಕೇಳುವ ಬಾಯಿ ಇದ್ದಷ್ಟೇ ಇದೆ.

ಇಲ್ಲೊಂದು ಆಕ್ಷೇಪವನ್ನು ಪಕ್ಕಕ್ಕೆ ತಳ್ಳಲಾರೆ. ತಜ್ಞರ ಕುಸ್ತಿ ಹಣವಿದ್ದವರ ಆಟ. ಶ್ರೀಮಂತ ಆರೋಪಿ ಅನುಮಾನವನ್ನು ದುಡ್ಡು ಕೊಟ್ಟು ಕೊಳ್ಳುತ್ತಾನೆ ಎಂಬುದು ಆ ಆಕ್ಷೇಪ. ನಿಜ. ರೀಡ್ ಪರವಾಗಿ ಜನ ದೇಣಿಗೆ ಎತ್ತಿದರು, ಹೆಸರಾಂತ ವಕೀಲರು ಬಂದರು. ನಮ್ಮ ಜಿಲ್ಲಾ ನ್ಯಾಯಾಲಯದಲ್ಲಿ ಕಾನೂನು ನೆರವಿನ ವಕೀಲನನ್ನು ನಂಬಿ ನಿಂತ ಲಾರಿ ಕ್ಲೀನರನಿಗೆ ಸಿಗುವುದು ಒಂದು ಪೆನ್‌ಡ್ರೈವು, ಅದೂ ಕೇಳಿ ಕೇಳಿ. ಆದರೆ ಈ ಅಸಮಾನತೆಗೆ ಮದ್ದು ಶ್ರೀಮಂತನ ಬಾಯಿ ಮುಚ್ಚಿಸುವುದಲ್ಲ. ಕ್ಲೀನರನಿಗೂ ಒಬ್ಬ ತಜ್ಞ ಬೇಕು, ಅವನ ಫೀಸನ್ನು ಕಾನೂನು ಸೇವಾ ಪ್ರಾಧಿಕಾರ ಕೊಡಬೇಕು. ಮೆಮೊರಿ ಕಾರ್ಡಿನಲ್ಲಿರುವುದೂ ದಾಖಲೆಯೇ, ಆರೋಪಿಗೆ ಸಾಮಾನ್ಯವಾಗಿ ಅದರ ನಕಲು ಸಿಗಬೇಕೆಂದು ಸುಪ್ರೀಂ ಕೋರ್ಟು 2019ರಲ್ಲೇ ಹೇಳಿದೆ. ಆ ನಕಲು ಪೊಲೀಸರು ಆರಿಸಿದ ತುಣುಕಾಗಿರದೆ ರೆಕಾರ್ಡರಿನ ಪೂರ್ತಿ ನಕಲಾಗಿರಬೇಕು. ಕಾರಿನ ದತ್ತಾಂಶವಾದರೆ ಕಚ್ಚಾ ಕಡತವೇ ಬೇಕು, ಅದರಿಂದ ಯಾರೋ ಬರೆದ ಸಾರಾಂಶ ಸಾಲದು. ಜಪ್ತಿ ಮಹಜರಿನಲ್ಲಿ ರೆಕಾರ್ಡರಿನ ಗಡಿಯಾರ ಸರಿಯಾದ ಹೊತ್ತಿಗಿಂತ ಎಷ್ಟು ಹಿಂದೆಮುಂದಿತ್ತೆಂದು ಒಂದು ಸಾಲು ಬರೆಯಲು ಯಾವ ಹೊಸ ಕಾಯಿದೆಯೂ ಬೇಕಿಲ್ಲ. ಮತ್ತು ಆ 329ನೇ ಕಲಮಿನಲ್ಲಿಯೇ, ನ್ಯಾಯಾಲಯಕ್ಕೆ ಸರಿಯೆನಿಸಿದರೆ ತಜ್ಞನನ್ನು ಕರೆಸಿ ವಿಚಾರಿಸಬಹುದೆಂಬ ಉಪಕಲಮೂ ಇದೆ. ಕೊಲೆ ಮೊಕದ್ದಮೆಯಲ್ಲಿ ಮುಖ್ಯ ಸಾಕ್ಷಿಯೇ ಯಂತ್ರವಾಗಿರುವಾಗ ಆ ‘ಸರಿಯೆನಿಸಿದರೆ’ಯನ್ನು ನ್ಯಾಯಾಧೀಶರು ಪ್ರತಿ ಸಲವೂ ಬಳಸಲಿ, ವಕೀಲರು ಅದಕ್ಕೊಂದು ಪುಟದ ಅರ್ಜಿ ಹಾಕಲಿ.